ಕದಿರಪ್ಪನ ಓಟು, ಮುನೇಶ್ವರನ ತಾಲ್ಲೂಕು

ಮಾಮಿಡ್ಲಪಲ್ಲಿಯ ಕದಿರಪ್ಪನಿಗೆ ಓಟು ಬಂದಿದೆ ಅನ್ನೋ ಸುದ್ದಿಯನ್ನು ಊರಿಗೆ ಮೊದಲು ಹೇಳಿದವನು ಕದಿರಪ್ಪನೇ. ಎರಡನೇ ಸಲ ಹೇಳಿದವನೂ ಅವನೇ. ಆಮೇಲೆ ಬೇರೆ ಯಾರಾದರೂ ಹೇಳೋಣ ಅಂತ ಬಾಯಿ ತೆರೆದರೂ ಅವನು ಅವಕಾಶ ಕೊಡಲಿಲ್ಲ.

ಅದು ಮಹಾರಾಜರ ಕಾಲ, ನಲವತ್ತೊಂದನೇ ಇಸವಿ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ಜರಿ ರುಮಾಲು ಸುತ್ತಿಕೊಂಡು ಅಲ್ಲಿ ಕೂರೋದಕ್ಕೆ ಮುಳಬಾಗಿಲು ತಾಲ್ಲೂಕಿನಿಂದ ಒಬ್ಬ ಮೆಂಬರು ಬೇಕು. ಅವನನ್ನು ಆರಿಸೋದಕ್ಕೆ ಓಟು ಬೇಕು. ಆ ಓಟೋ, ಈಗಿನ ಹಾಗೆ ಮೀಸೆ ಬಂದವರಿಗೆಲ್ಲ ಸಿಗುತ್ತಿರಲಿಲ್ಲ. ಸರ್ಕಾರ ಹೇಳಿದಷ್ಟು ಕಂದಾಯ ಕಟ್ಟೋರಿಗೆ ಮಾತ್ರ. ಮಾಮಿಡ್ಲಪಲ್ಲಿಯಲ್ಲಿ ಅಷ್ಟು ಕಂದಾಯ ಕಟ್ಟುತ್ತಿದ್ದವರು ಪಟೇಲ್ ದೊಡ್ಡಮುನಿಯಪ್ಪ ಒಬ್ಬರೇ. ಆ ವರ್ಷ ಕದಿರಪ್ಪ ಅಪ್ಪನ ಮಾವಿನ ತೋಪಿನ ಜೊತೆಗೆ ಕೆರೆ ಕೆಳಗಿನ ಒಂದು ತುಂಡು ಗದ್ದೆ ಸೇರಿಸಿಕೊಂಡ. ಕಂದಾಯ ಜಾಸ್ತಿಯಾಯಿತು. ಕಂದಾಯ ಜಾಸ್ತಿಯಾಯಿತು ಅಂತ ಸಂತೋಷದಿಂದ ಕುಣಿದಾಡಿದ ರೈತ ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಅವನ ಕುಣಿದಾಟಕ್ಕೆ ಕಾರಣವೂ ಇತ್ತು. ಆ ತೋಪು ಹಾಕಿದವನು ಅವನಪ್ಪ ಮುನಿರಾಮಪ್ಪ. ಒಂದೊಂದು ಸಸಿಗೂ ಕಾವಡಿಯಲ್ಲಿ ನೀರು ಹೊತ್ತು ಬೆಳೆಸಿದ್ದ. ಬದುಕಿರೋವರೆಗೂ ಕಂದಾಯ ಒಂದು ದಿನ ತಡ ಮಾಡಿದವನಲ್ಲ. ಆದರೆ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಆ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. "ಲೇ ಮಾಮಿಡ್ಲಪಲ್ಲಿ, ಈ ಕಡೆ ಬಾ" ಅನ್ನೋರು. "ಏಯ್ ಮಾವಿನ ತೋಪು, ಅಲ್ಲೇ ನಿಲ್ಲು" ಅನ್ನೋರು. ಮುನಿರಾಮಪ್ಪ ಅಲ್ಲೇ ನಿಲ್ಲೋನು. ಪಟೇಲರ ಮನೆ ಮುಂದೆಯೂ ಅಷ್ಟೆ, ಜಗಲಿ ಹತ್ತದೆ ಅಂಗಳದಲ್ಲೇ ನಿಂತು ನಿಂತು ಕಾಲ ಕಳೆದ.

ಈಗ ಶಾನುಭೋಗರು ಕದಿರಪ್ಪನಿಗೆ ಹೇಳಿದ್ದರು. "ಓಟಿನ ದಿನ ಕಚೇರೀಲಿ ಅಧಿಕಾರಿಗಳು ನಿನ್ನ ಹೆಸರನ್ನ ಗಟ್ಟಿಯಾಗಿ ಕೂಗ್ತಾರಯ್ಯಾ. ಇಂಥೋನು ಬಿನ್ ಇಂಥೋನು ಅಂತ ನಿಮ್ಮಪ್ಪನ ಹೆಸರು ಸಮೇತ ಕೂಗ್ತಾರೆ. ಎಲ್ಲರ ಎದುರಿಗೇ."

ಕದಿರಪ್ಪನಿಗೆ ಅಷ್ಟು ಸಾಕಾಗಿತ್ತು. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಅದೆಲ್ಲ ಅವನ ತಲೆಗೆ ಹೋಗಲೇ ಇಲ್ಲ. ಅಪ್ಪನ ಹೆಸರನ್ನು ಸರ್ಕಾರದ ಬಾಯಲ್ಲಿ ಒಂದು ಸಲ ಕೇಳಬೇಕು, ಅಷ್ಟೇ ಅವನ ಆಸೆ.

ಓಟು ಬಂದಿದೆ ಅಂದ ಮೇಲೆ ಜನ ನೋಡೋಕೆ ಬರದೆ ಇರುತ್ತಾರಾ? ಪಕ್ಕದ ಮನೆ ಅಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಎಲ್ಲಿ ಕದಿರಣ್ಣ, ತೋರ್ಸು ಒಂದ್ಸಲ. ಮುಟ್ಟಲ್ಲ, ದೂರದಿಂದ ನೋಡ್ತೀನಿ."

"ಇಲ್ಲಿಲ್ಲಮ್ಮ ಅದು. ಮುಳಬಾಗಿಲಲ್ಲಿ ಭದ್ರವಾಗಿಟ್ಟವ್ರೆ," ಅಂದ ಕದಿರಪ್ಪ ಗಂಭೀರವಾಗಿ. "ಆವತ್ತೇ ಕೊಡೋದು."

"ಎಷ್ಟು ದೊಡ್ಡದಿರುತ್ತೆ?"

ಕದಿರಪ್ಪ ಯೋಚನೆ ಮಾಡಿ ಎರಡೂ ಕೈ ಅಗಲಿಸಿದ. ಆಮೇಲೆ ಜಾಸ್ತಿಯಾಯಿತೇನೋ ಅನ್ನಿಸಿ ಸ್ವಲ್ಪ ಕಡಿಮೆ ಮಾಡಿದ.

ಈ ವಿಷಯದಲ್ಲಿ ಅವನಿಗೆ ಜ್ಞಾನೋದಯ ಮಾಡಿಸಿದವನು ಹೆಂಡತಿಯ ತಮ್ಮ ಶ್ರೀನಿವಾಸಪ್ಪ. ಅವನು ಮಾಲೂರು ತಾಲ್ಲೂಕು ಟೇಕಲ್ ಸ್ಟೇಷನ್ನಿನಲ್ಲಿ ಸಾಮಾನು ಹೊರೋ ಕೂಲಿ ಕೆಲಸದಲ್ಲಿದ್ದ. ದಿನಾ ಮದರಾಸು ರೈಲು ನೋಡುತ್ತಿದ್ದದ್ದರಿಂದ ಪ್ರಪಂಚದ ಸಮಸ್ತ ವಿಷಯವೂ ತನಗೆ ತಿಳಿದಿದೆ ಅಂತ ನಂಬಿದ್ದ. ಹೆಚ್ಚೇನು, ಅವನ ಅಕ್ಕ ಗಂಗರತ್ನಮ್ಮನೂ ಹಾಗೇ ನಂಬಿದ್ದಳು.

"ನೋಡು ಬಾವಾ," ಅಂದ ಶ್ರೀನಿವಾಸಪ್ಪ, ಮುದ್ದೆ ಮುರಿಯುತ್ತಾ, "ಓಟು ಅಂದ್ರೆ ರೈಲ್ವೆ ಟಿಕೀಟು ಇದ್ದಂಗೆ. ಕಿಟಕೀಲಿ ಹೆಸರು ಕೇಳ್ತಾರೆ, ಚೀಟಿ ಕೊಡ್ತಾರೆ. ಅದನ್ನ ಕೊನೇವರೆಗೂ ಜೋಪಾನವಾಗಿ ಇಟ್ಕೋಬೇಕು. ಮಧ್ಯೆ ಯಾರು ಕೇಳಿದ್ರೂ ಕೊಡ್ಬಾರ್ದು."

"ಕಳೆದ್ರೆ?"

"ಕಳೆದ್ರೆ ದಂಡ. ಎಷ್ಟು ಜನ ನಮ್ಮ ಟೇಕಲ್ಲಲ್ಲಿ ಇಳಿದು, ಟಿಕೀಟು ಕಾಣದೆ ಪಂಚೆ ಕೊಡವ್ಕೊಂಡು ಅತ್ತವ್ರೆ ಗೊತ್ತಾ?"

ಗಂಗರತ್ನಮ್ಮನಿಗೆ ಗಾಬರಿಯಾಯಿತು. "ಇದ್ಯಾಕೆ ನಮಗೆ ಬೇಕಿತ್ತು ಅಂತೀನಿ. ಮೂರು ಕೊಡೆ ಕಳೆದವ್ರೆ ಈ ಮಹಾನುಭಾವ. ಓಟು ಕಳೀದೆ ಬಿಡ್ತಾರಾ?"

ಅದಕ್ಕೇ ಮಾರನೇ ದಿನ ಕದಿರಪ್ಪ ಮುಳಬಾಗಿಲಿಗೆ ಹೋಗಿ ದರ್ಜಿ ಅಬ್ದುಲ್ ಗಫೂರ್ ಅಂಗಡಿ ಹತ್ತಿದ. ಗಫೂರ್ ಸಾಬರು ಹಳೇ ಸ್ನೇಹಿತರು. ಮಾವಿನ ಕಾಲದಲ್ಲಿ ಒಂದು ಬುಟ್ಟಿ ಬಾದಾಮಿ ಹಣ್ಣು ಸಾಬರ ಮನೆಗೆ, ರಂಜಾನ್ ಕಾಲದಲ್ಲಿ ಒಂದು ಡಬರಿ ಶಾವಿಗೆ ಕದಿರಪ್ಪನ ಮನೆಗೆ, ಹೀಗೆ ವರ್ಷಾನುಗಟ್ಟಲೆ ನಡೆದುಬಂದಿತ್ತು.

"ಸಾಬ್ರೇ, ಕೋಟು ಬೇಕು. ಒಳಗಡೆ ಒಂದು ಜೇಬು. ಆ ಜೇಬಿನೊಳಗೆ ಇನ್ನೊಂದು ಜೇಬು. ಅದಕ್ಕೆ ಗುಂಡಿ."

ಗಫೂರ್ ಸಾಬರು ಕನ್ನಡಕ ಹಣೆಗೇರಿಸಿದರು. "ಅರೆ ಕದಿರಪ್ಪಣ್ಣ, ಕೈಕು ಇಷ್ಟು ಜೇಬು? ಖಜಾನೆ ಏನಾದ್ರೂ ಲೂಟಿ ಮಾಡ್ತೀಯಾ?"

"ಓಟು ಇಡೋಕೆ."

ಗಫೂರ್ ಸಾಬರು ಆಗಲೇ ಕೇಳಬೇಕಿತ್ತು, ಓಟು ಇಡೋದೆಲ್ಲಿ ಬಂತು ಅಂತ. ಆದರೆ ಅವರ ಬಾಯಲ್ಲಿ ಆಗ ಸೂಜಿಯಿತ್ತು. ಸೂಜಿ ಕಚ್ಚಿಕೊಂಡವರು ಹೆಚ್ಚು ಪ್ರಶ್ನೆ ಕೇಳೋದಿಲ್ಲ. ಹಾಗಾಗಿ ಜೇಬಿನೊಳಗಿನ ಜೇಬು ಸಿದ್ಧವಾಯಿತು.

ಕೋಟು ಬಂದದ್ದೇ ತಡ, ಕದಿರಪ್ಪನ ನಡಿಗೆ ಬದಲಾಯಿತು. ಹಸು ಹಿಡಿದುಕೊಂಡು ಹೋಗೋವಾಗಲೂ ಕೋಟು. ಎದುರು ಸಿಕ್ಕವರಿಗೆಲ್ಲ ಕ್ಷೇತ್ರದ ಭೂಗೋಳ. "ನಮ್ಮ ಮುಳಬಾಗಿಲು ಕ್ಷೇತ್ರ ಅಂದ್ರೆ ಏನಂದ್ಕೊಂಡೆ? ಪೂರ್ವಕ್ಕೆ ಮದರಾಸು ಸರ್ಕಾರ, ಪಶ್ಚಿಮಕ್ಕೆ ಕೋಲಾರ, ದಕ್ಷಿಣಕ್ಕೆ ಬೌರಿಂಗ್‌ಪೇಟೆ, ಉತ್ತರಕ್ಕೆ ಶ್ರೀನಿವಾಸಪುರ. ದೇವರಾಯಸಮುದ್ರದ ಕೆರೆ ನಮ್ಮದು. ಯಲ್ದೂರಿನ ತೋಪುಗಳು ಶ್ರೀನಿವಾಸಪುರದವರದು. ನಮ್ಮ ತೋಪು ದಾಟಿದ್ರೆ ಶ್ರೀನಿವಾಸಪುರ ಶುರು. ತಾಲ್ಲೂಕಿನ ಬಾಗಿಲು ಕಾಯೋನೇ ನಾನು." ಹಸು ಸುದ್ಧಾ ನಿಂತು ಕೇಳುತ್ತಿತ್ತು, ಬೇರೆ ದಾರಿಯಿರಲಿಲ್ಲ ಅದಕ್ಕೆ.

ಇದೆಲ್ಲ ಸಹಿಸಲಾಗದೆ ಹೋದವರು ಪಟೇಲ್ ದೊಡ್ಡಮುನಿಯಪ್ಪ. ಚುನಾವಣೆಗೆ ನಿಂತವರು ಇಬ್ಬರು, ಒಬ್ಬರು ವಕೀಲರು, ಇನ್ನೊಬ್ಬರು ಮಂಡಿ ಸಾಹುಕಾರರು. ಪಟೇಲರು ವಕೀಲರಿಗೆ ಆಗಲೇ ಮಾತು ಕೊಟ್ಟಿದ್ದರು. "ನಮ್ಮೂರಿನ ಓಟು ಒಂದೂ ತಪ್ಪೋದಿಲ್ಲ ಸ್ವಾಮಿ, ಅಷ್ಟೂ ನಿಮ್ಮದೇ." ಆ ಅಷ್ಟೂ ಅಂದರೆ ಇಷ್ಟು ವರ್ಷವೂ ಅವರದೊಂದೇ ಓಟು. ಈಗ ನೋಡಿದರೆ ಊರಿನ ಓಟಿನಲ್ಲಿ ಅರ್ಧಕ್ಕರ್ಧ ಕದಿರಪ್ಪನ ಕೋಟಿನೊಳಗೆ ಹೋಗೋ ಹಾಗಾಗಿತ್ತು.

ಪಟೇಲರು ಅವನನ್ನು ಕರೆಸಿದರು. "ಲೇ ಕದಿರಾ, ನಿನ್ನ ಓಟು ವಕೀಲರಿಗೆ. ತಿಳೀತಾ?"

ಕದಿರಪ್ಪ ಕೋಟು ಸರಿಮಾಡಿಕೊಂಡ. ಟಿಕೀಟು ಯಾರು ಕೇಳಿದರೂ ಕೊಡಬಾರದು ಅಂತ ಬಾಮೈದ ಹೇಳಿದ್ದು ಜ್ಞಾಪಕಕ್ಕೆ ಬಂತು.

"ನೋಡೋಣ ಪಟೇಲರೇ," ಅಂದ.

ಜಗಲಿ ಮೇಲಿದ್ದವರೆಲ್ಲ ಎಲೆಯಡಿಕೆ ಅಗಿಯೋದು ನಿಲ್ಲಿಸಿದರು. ಮಾಮಿಡ್ಲಪಲ್ಲಿ ಹುಟ್ಟಿದಾಗಿನಿಂದ ಆ ಜಗಲಿಯ ಮುಂದೆ "ಆಗಲಿ ಪಟೇಲರೇ" ಅಂದವರಿದ್ದರು, "ತಪ್ಪಾಯ್ತು ಪಟೇಲರೇ" ಅಂದವರಿದ್ದರು. "ನೋಡೋಣ" ಅಂದವರು ಒಬ್ಬರೂ ಇರಲಿಲ್ಲ.

"ನೋಡೋಣ ಅಂತೀಯಾ? ಆಗಲಿ ಕಣೋ. ನಾನೂ ನೋಡ್ತೀನಿ."

ಅವರು ನೋಡಿದ್ದು ಮುನೇಶ್ವರನ ಕಲ್ಲನ್ನು.

ಆ ಕಲ್ಲಿನ ಕಥೆ ಹೇಳಲೇಬೇಕು. ಕದಿರಪ್ಪನ ತೋಪಿನ ಆಚೆ, ಬಡಗಲ ದಿಬ್ಬದ ಮೇಲೆ, ಬಹಳ ಕಾಲದಿಂದ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ನೆಟ್ಟಗೆ ನಿಂತ ಕಲ್ಲಿಗೆ ನಮ್ಮ ಕಡೆ ಜನ ಸುಮ್ಮನಿರುತ್ತಾರಾ? ಯಾರೋ ಅರಿಶಿನ ಹಚ್ಚಿದರು, ಯಾರೋ ಎಣ್ಣೆ ಸುರಿದರು, ಮತ್ಯಾರೋ ಹರಕೆ ಹೊತ್ತರು, ಹರಕೆ ಫಲಿಸಿತು. ಕಲ್ಲು ಮುನೇಶ್ವರನಾಯಿತು. ಕೆಲವು ವರ್ಷದ ಕೆಳಗೆ ಬೇಸಗೆಯಲ್ಲಿ ಗಂಗರತ್ನಮ್ಮ ಪೂಜೆಗೆ ಹೋದಾಗ ಕಲ್ಲು ಮುಟ್ಟಿದರೆ ಅಂಗೈ ಸುಟ್ಟಿತು. "ನಾವು ನೆರಳಲ್ಲಿ ಕೂತು ಮಾವಿನಹಣ್ಣು ತಿಂತೀವಿ, ಸ್ವಾಮಿ ಬಿಸಿಲಲ್ಲಿ ಬೇಯ್ತಾವ್ನೆ" ಅಂತ ಕಣ್ಣೀರು ಹಾಕಿದಳು. ಊರಿಗೂ ನಿಜ ಅನ್ನಿಸಿತು. ಬೊಂಬಿನ ಅಡ್ಡೆ ಕಟ್ಟಿ, ತಮಟೆ ಹೊಡೆಸಿ, ಮುನೇಶ್ವರನನ್ನು ಹೊತ್ತು ತಂದು ತೋಪಿನ ಈ ಕಡೆ, ಊರಿಗೆ ಹತ್ತಿರದ ದೊಡ್ಡ ಮಾವಿನಮರದ ಕೆಳಗೆ ಕೂರಿಸಿದರು. ಪೊಂಗಲು ಹಂಚಿದರು. ದೇವರಿಗೂ ತಂಪಾಯಿತು.

ಆ ಕಲ್ಲನ್ನು ನೆಟ್ಟವರು ಋಷಿಗಳಲ್ಲ, ಸರ್ಕಾರದ ಸರ್ವೆಯವರು. ಅದು ಮುಳಬಾಗಿಲು, ಶ್ರೀನಿವಾಸಪುರ ಎರಡು ತಾಲ್ಲೂಕಿನ ಗಡಿ ತೋರಿಸೋ ಬಾಂದು ಕಲ್ಲು ಅನ್ನೋದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಟೇಲರಿಗೂ ಗೊತ್ತಿರಲಿಲ್ಲ. ವಕೀಲರ ಗುಮಾಸ್ತ ಬಂದು ಪ್ರಚಾರ ಮಾಡೋವಾಗ, ಮರದ ಕೆಳಗೆ ಬೀಡಿ ಸೇದುತ್ತಾ ಕೂತು, ಅರಿಶಿನ ಉದುರಿದ ಕಡೆ ಕೆತ್ತಿದ ಗೀಟು ಕಂಡು ಪಟೇಲರ ಕಿವಿಯಲ್ಲಿ ಹೇಳಿದ. ಪಟೇಲರು ಕಣ್ಣರಳಿಸಿದರು. ಕಲ್ಲು ತೋಪಿನ ಈ ಕಡೆ ಇದೆ. ಅಂದಮೇಲೆ ತೋಪು ಪೂರ್ತಿ ಶ್ರೀನಿವಾಸಪುರ ತಾಲ್ಲೂಕು. ತೋಪೇ ಇಲ್ಲದ ಮೇಲೆ ಕದಿರಪ್ಪನಿಗೆ ಮುಳಬಾಗಿಲಲ್ಲಿ ಓಟೆಲ್ಲಿಂದ ಬಂತು?

ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರಿಗೆ ತಕರಾರು ಅರ್ಜಿ ಹೋಯಿತು.

ಊರಲ್ಲಿ ದೊಡ್ಡ ಗಲಾಟೆಯೆದ್ದಿತು. "ಅಯ್ಯೋ ದೇವುಡಾ, ಕೂತ ಕಡೇಲೇ ತಾಲ್ಲೂಕು ಬದಲಾಯ್ತಂತೆ," ಅಂತ ಅಂಜಮ್ಮ ಎದೆ ಬಡಿದುಕೊಂಡಳು. ಆಮೇಲೆ ಸ್ವಲ್ಪ ಯೋಚಿಸಿ, "ಹೋಗ್ಲಿ ಬಿಡು, ನಮ್ಮ ಹುಡುಗೀನ ಶ್ರೀನಿವಾಸಪುರದ ಕಡೆ ಕೊಟ್ಟು ದೂರ ಆಯ್ತು ಅಂತಿದ್ದೆ. ಈಗ ತಾಲ್ಲೂಕೇ ಹತ್ರ ಬಂತು," ಅಂತ ಸಮಾಧಾನ ಮಾಡಿಕೊಂಡಳು. ಇನ್ನು ಕೆಲವರು ಶ್ರೀನಿವಾಸಪುರದ ನೀರು ಒಗ್ಗುತ್ತೋ ಇಲ್ಲವೋ ಅಂತ ಚಿಂತೆಗೆ ಬಿದ್ದರು. ಕುಡಿಯೋದು ಅದೇ ಹಳೇ ಬಾವಿಯ ನೀರೇ ಅಂತ ಯಾರಿಗೂ ಹೊಳೆಯಲಿಲ್ಲ.

ಕದಿರಪ್ಪ ಮಾತ್ರ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ ಅದರ ಎದುರು ಕೂತುಬಿಟ್ಟ.

"ಊಟಕ್ಕೆ ಬನ್ನಿ," ಅಂದಳು ಗಂಗರತ್ನಮ್ಮ.

"ಕೂಗೋದಿಲ್ಲವಂತೆ ಕಣೇ," ಅಂದ ಅವನು. "ಅಪ್ಪನ ಹೆಸರು ಕೂಗೋದಿಲ್ಲವಂತೆ." ಹೆಂಡತಿ ಅವನ ಪಕ್ಕದಲ್ಲೇ ತಟ್ಟೆ ತಂದಿಟ್ಟಳು.

ಓಟಿಗೆ ಎರಡು ದಿನ ಇರೋವಾಗ ಅಮಲ್ದಾರರೇ ಬಂದರು. ಹಿಂದೆ ಸರಪಳಿ ಹಿಡಿದ ಸರ್ವೆಯವರು, ಮುಂದೆ ಜವಾನ, ಸುತ್ತ ಇಡೀ ಊರು. ಅಮಲ್ದಾರರು ಕೋಪದ ಮನುಷ್ಯರು. ಮುಳಬಾಗಿಲಿನಿಂದ ಜಟಕಾದಲ್ಲಿ ಕುಲುಕಾಡಿಕೊಂಡು ಬಂದಿದ್ದರಿಂದ ಕೋಪ ಇನ್ನಷ್ಟು ಕಲಕಿತ್ತು.

"ಯಾವುದು ಆ ಕಲ್ಲು? ತೊಳೀರಿ ಅದನ್ನ. ಗುರುತು ಕಾಣಬೇಕು."

ಯಾರೂ ಅಲುಗಾಡಲಿಲ್ಲ. ದೇವರನ್ನು ಸುಮ್ಮಸುಮ್ಮನೆ ತೊಳೆಯೋದು ಎಂದರೇನು?

"ತೊಳೆಯೋದಲ್ಲ ಬುದ್ಧಿ, ಅಭಿಷೇಕ," ಅಂದಳು ಗಂಗರತ್ನಮ್ಮ ಸೆರಗು ಹೊದ್ದು. "ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ಬಿಸಿನೀರು ಹುಯ್ಯಬೇಕು. ನೀರು ಕಾಯೋವರೆಗೂ ತಾವು ಕೂತ್ಕೋಬೇಕು."

ಅಮಲ್ದಾರರು ಹಲ್ಲು ಕಡಿದು ಕೂತರು. ಒಲೆ ಹೊತ್ತಿಸಿದರು. ನೀರು ಕಾಯಿತು. ಮುನೇಶ್ವರನಿಗೆ ಅಭ್ಯಂಜನವಾಯಿತು. ವರ್ಷಗಳ ಅರಿಶಿನ, ಕುಂಕುಮ, ಎಣ್ಣೆ ಜಿಡ್ಡು ಎಲ್ಲ ಪದರ ಪದರವಾಗಿ ಇಳಿದು, ಕೊನೆಗೆ ಕಲ್ಲಿನ ಮೈಮೇಲೆ ಸರ್ಕಾರದ ಗುರುತು ಸ್ಪಷ್ಟವಾಗಿ ಕಂಡಿತು.

ಊರವರು ನಾಚಿಕೆಪಡುತ್ತಾರೆ ಅಂತ ಅಮಲ್ದಾರರು ಅಂದುಕೊಂಡಿದ್ದರು. ಊರವರು ಕೈ ಮುಗಿದರು. "ನೋಡ್ರಪ್ಪಾ, ನಮ್ಮ ಸ್ವಾಮಿ ಮೈಮೇಲೆ ಮಹಾರಾಜರ ಮುದ್ರೆ!" ಅಂತ ಯಾರೋ ಕೂಗಿದರು. "ಯಲ್ದೂರಿನ ಕಡೆ ಇಂಥ ದೇವರು ಒಂದಿದ್ರೆ ತೋರ್ಸಲಿ!" ಅಂದರು ಇನ್ಯಾರೋ. ಹೆಂಗಸರು ಮತ್ತೆ ಅರಿಶಿನ ಹಚ್ಚೋಕೆ ನುಗ್ಗಿದರು. ಜವಾನ ತಡೆದ.

"ನಿಲ್ಲಿಸ್ರೀ!" ಅಂತ ಅಮಲ್ದಾರರು ಎದ್ದುನಿಂತರು. "ಇದು ಗಡಿ ಕಲ್ಲು. ನಕ್ಷೆ ಪ್ರಕಾರ ದಿಬ್ಬದ ಮೇಲಿರಬೇಕು, ಇಲ್ಲಿ ಹ್ಯಾಗೆ ಬಂತು? ಗಡಿ ಕಲ್ಲು ಜರುಗಿಸಿದೋರಿಗೆ ಜೈಲು, ಗೊತ್ತಾ? ಮೊದಲಿಂದಲೂ ಇಲ್ಲೇ ಇತ್ತು ಅನ್ನೋದಾದ್ರೆ ತೋಪು ಶ್ರೀನಿವಾಸಪುರಕ್ಕೆ ಸೇರಿತು, ಈತನ ಹೆಸರು ತೆಗೀತೀನಿ. ಯಾರಾದ್ರೂ ತಂದಿದ್ರೆ ಈಗಲೇ ಬಾಯಿ ಬಿಡಿ. ಇದನ್ನ ಹೊತ್ತು ತಂದೋರು ಯಾರು?"

ಕದಿರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡರೆ ಓಟು ಹೋಯಿತು. ಬಾಯಿ ಬಿಟ್ಟರೆ ತಾನೇ ಜೈಲಿಗೆ ಹೋದ ಹಾಗೆ. ಜೈಲಿನಲ್ಲಿ ಹೆಸರು ಕೂಗುತ್ತಾರೆ ನಿಜ, ಆದರೆ ಆ ಕೂಗು ಬೇರೆ. ಪಟೇಲರು ಮೀಸೆಯಡಿ ನಕ್ಕರು.

ಆಗ ಅಂಜಮ್ಮ ಮುಂದೆ ಬಂದಳು. ಜೈಲು ಅನ್ನೋ ಮಾತು ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಹೊತ್ತು ತಂದೋರು ಯಾರು ಅನ್ನೋದು ಮಾತ್ರ ಬಿದ್ದಿತ್ತು. ದೇವರಿಗೆ ಹೆಗಲು ಕೊಟ್ಟ ಪುಣ್ಯವನ್ನು ಸರ್ಕಾರವೇ ಬಂದು ವಿಚಾರಿಸೋವಾಗ ಸುಮ್ಮನಿರೋದುಂಟೇ?

"ನಮ್ಮ ಯಜಮಾನ್ರು ಬುದ್ಧಿ! ಬಲಗಡೆ ಮುಂದಿನ ಹೆಗಲು ನಮ್ಮೋರದೇ!"

ಕದಿರಪ್ಪ ಜೈಲು ಮರೆತ. "ಏನಂದೆ ಅಂಜಮ್ಮ? ಬಲಗಡೆ ಮುಂದಿನ ಹೆಗಲಾ? ನಿಮ್ಮೋರು ಕೊಡೆ ಹಿಡ್ಕೊಂಡು ಪಕ್ಕದಲ್ಲಿ ನಡೀತಿದ್ರು! ದಿಬ್ಬದಿಂದ ಈ ಮರದವರೆಗೂ ಬಲಗಡೆ ಮುಂದಿನ ಹೆಗಲು ನಂದು! ಬೇಕಾದ್ರೆ ನೋಡಿ ಬುದ್ಧಿ, ಕಾಯಿ ಕಟ್ಟಿದೆ ಇನ್ನೂ!" ಅಂತ ಅಂಗಿ ಸರಿಸಿ ಹೆಗಲು ತೋರಿಸಿದ.

"ಹಿಂದಿನದು ನಂದು!"

"ಅಡ್ಡೆ ಕಟ್ಟಿದೋನು ನಾನು, ಬರ್ಕೊಳ್ಳಿ!"

"ತಮಟೆ ನಂದು ಸ್ವಾಮಿ, ತಮಟೆ ಬಿಟ್ಬಿಟ್ರಿ!"

ಊರಿಗೆ ಊರೇ ಅಮಲ್ದಾರರ ಮೇಲೆ ಬಿದ್ದು ತಪ್ಪೊಪ್ಪಿಕೊಳ್ಳತೊಡಗಿತು. ಅಮಲ್ದಾರರ ಜೊತೆ ಬಂದಿದ್ದ ಗುಮಾಸ್ತರು ಬರೆಯಲಾರದೆ ಲೇಖನಿ ಕೆಳಗಿಟ್ಟರು. ಇಷ್ಟರಲ್ಲಿ ಎಲ್ಲರನ್ನೂ ತಳ್ಳಿಕೊಂಡು ಒಂದು ಗಡಸು ಧ್ವನಿ ಬಂತು.

"ಬಾಯ್ಮುಚ್ಚ್ರೋ ಎಲ್ರೂ! ಪಟೇಲ ನಾನಿರೋವಾಗ ಬಲಗಡೆ ಮುಂದಿನ ಹೆಗಲು ಇನ್ನೊಬ್ಬರು ಕೊಡೋದುಂಟಾ? ಮೊದಲು ಎತ್ತಿದೋನೇ ನಾನು. ಈ ಕದಿರ ಬಂದಿದ್ದು ಆಮೇಲೆ, ಎಡಗಡೆಗೆ!"

ಮಾತು ಮುಗಿಯಿತು. ಪಟೇಲರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಅಮಲ್ದಾರರು ಅರ್ಜಿಯನ್ನು ತೆಗೆದು, ಅದರ ಕೆಳಗಿನ ರುಜು ನೋಡಿ, ಪಟೇಲರ ಮುಖ ನೋಡಿದರು. "ಪಟೇಲರೇ, ಕಲ್ಲು ಮೊದಲಿಂದಲೂ ಇಲ್ಲೇ ಇತ್ತು ಅಂತ ಬರೆದುಕೊಟ್ಟಿದ್ದೀರಿ. ಈಗ ಮೊದಲು ಎತ್ತಿದೋರು ನೀವೇ ಅಂತೀರಿ. ಯಾರಿಗೆ ಕೋಳ ಹಾಕಿಸಲಿ?"

"ಬುದ್ಧಿ... ಅದು... ಭಕ್ತಿ..."

"ಊರನ್ನೆಲ್ಲ ಜೈಲಿಗೆ ಹಾಕಿದ್ರೆ ನಂಗೆ ಕಂದಾಯ ಕಟ್ಟೋರು ಯಾರ್ರೀ?" ಅಮಲ್ದಾರರು ಅರ್ಜಿ ಹರಿದರು. "ನಾಳೆ ಸಾಯಂಕಾಲದೊಳಗೆ ಕಲ್ಲು ಹಳೇ ಗುಣಿಯಲ್ಲಿರಬೇಕು. ತೋಪು ಮುಳಬಾಗಿಲು ತಾಲ್ಲೂಕಿನದು. ಈತನ ಓಟು ಈತನದು. ಇನ್ನೊಂದು ಸಲ ಯಾರಾದ್ರೂ ಈ ದೇವರಿಗೆ ಸೆಖೆ ಆಗುತ್ತೆ ಅಂದ್ರೆ ನೋಡಿ!"

ಮಾರನೇ ದಿನ ಮತ್ತೆ ತಮಟೆ, ಮತ್ತೆ ಅಡ್ಡೆ, ಮತ್ತೆ ಪೊಂಗಲು. ಬಲಗಡೆ ಮುಂದಿನ ಹೆಗಲಿಗಾಗಿ ಪಟೇಲರೂ ಕದಿರಪ್ಪನೂ ಹೊಡೆದಾಡಿ, ಕೊನೆಗೆ ಇಬ್ಬರೂ ಒಂದೇ ಬೊಂಬಿಗೆ ಹೆಗಲು ತೂರಿಸಿ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ದಿಬ್ಬ ಹತ್ತಿದರು. ಮುನೇಶ್ವರ ಗುಣಿಗಿಳಿದ. ಮುಳಬಾಗಿಲು ತಾಲ್ಲೂಕು ತನ್ನ ಜಾಗಕ್ಕೆ ಬಂದು ಕೂತಿತು. ಗಂಗರತ್ನಮ್ಮ ಕಲ್ಲಿನ ಪಕ್ಕ ಒಂದು ಮಾವಿನ ಸಸಿ ನೆಟ್ಟು ನೀರು ಹುಯ್ದಳು. "ಸ್ವಾಮೀನ ಅಲುಗಿಸ್ಬೇಡಿ ಅಂದವ್ರೆ. ನೆರಳು ಬೆಳೆಸ್ಬೇಡಿ ಅಂತ ಯಾರೂ ಅಂದಿಲ್ಲ," ಅಂದಳು.

ಓಟಿನ ದಿನ ಬಂತು. ಕದಿರಪ್ಪ ಕೋಟು ತೊಟ್ಟು, ರುಮಾಲು ಸುತ್ತಿ, ಮುಳಬಾಗಿಲಿನ ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಂತ. ಅಪ್ಪ ನಿಲ್ಲುತ್ತಿದ್ದ ಅದೇ ಅಂಗಳ. ಗಫೂರ್ ಸಾಬರು ತಾವು ಹೊಲಿದ ಕೋಟಿನ ವೈಭವ ನೋಡೋಕೆ ಅಂಗಡಿ ಮುಚ್ಚಿ ಬಂದು ಬೇವಿನಮರದ ಕೆಳಗೆ ಕೂತಿದ್ದರು.

ಸಾಲು ಸರಿಯಿತು. ಅಧಿಕಾರಿ ಬೆಳಗಿನಿಂದ ಕೂಗಿ ಕೂಗಿ ಸುಸ್ತಾಗಿದ್ದರು. ಬಾಯಿ ತುಂಬ ಎಲೆಯಡಿಕೆ ಬೇರೆ. "ಕದ್ರಪ್ಪ ಬಿನ್..." ಅಂದವರು ಮಿಕ್ಕದ್ದನ್ನು ರಸದ ಜೊತೆ ನುಂಗಿಬಿಟ್ಟರು.

ಅಷ್ಟೆ. ಮುಗಿದೇ ಹೋಯಿತು.

ಕದಿರಪ್ಪ ಅಧಿಕಾರಿಯ ಬಾಯನ್ನೇ ನೋಡಿದ. ಇನ್ನೊಂದು ಸಲ ಕೂಗಿ ಅನ್ನೋಣ ಅಂದುಕೊಂಡ, ಅಷ್ಟರಲ್ಲಿ ಕೈಗೆ ಚೀಟಿ ಬಂತು, ಜವಾನ ಬೆನ್ನಿಗೆ ಕೈ ಹಾಕಿ "ಮುಂದೆ ನಡಿ" ಅಂತ ತಳ್ಳಿದ. ಒಳಕೋಣೆಯಲ್ಲಿ, ಚುನಾವಣೆಗೆ ನಿಂತ ಇಬ್ಬರಿಗೂ ಒಂದೊಂದರಂತೆ, ಎರಡು ಪೆಟ್ಟಿಗೆ. ಒಂದು ಕೆಂಪು, ಒಂದು ಹಳದಿ. ಕದಿರಪ್ಪ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಜೇಬಿನೊಳಗಿನ ಜೇಬಿಗಿಳಿಸಿ, ಗುಂಡಿ ಹಾಕಿದ. ಎರಡೂ ಪೆಟ್ಟಿಗೆಗೆ ಭೇದಭಾವವಿಲ್ಲದೆ ಕೈ ಮುಗಿದು ಹೊರಗೆ ಬಂದ.

"ಹಾಕಿದ್ಯಾ ಅಣ್ಣ?" ಅಂದರು ಗಫೂರ್ ಸಾಬರು.

"ಹಾಕ್ದೆ ಸಾಬ್ರೇ."

"ಶಹಬ್ಬಾಸ್! ಕೆಂಪಾ, ಹಳದೀನಾ?"

"ಒಳಜೇಬಿಗೆ."

ಗಫೂರ್ ಸಾಬರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಅದು ಇಟ್ಕೊಳ್ಳೋದಲ್ಲ, ಪೆಟ್ಟಿಗೇಲಿ ಹಾಕೋದು! ಓಡು, ಓಡು!"

ಕದಿರಪ್ಪ ಓಡಿದ. ಬಾಗಿಲಲ್ಲಿ ಜವಾನ ಅಡ್ಡ ನಿಂತ. ಅಧಿಕಾರಿ ಎಲೆಯಡಿಕೆ ಉಗಿದು ಬಂದು ಕೂಗಾಡಿದರು. "ಹೊರಗೆ ಹೋದೋನು ನೀನೇ ಅಂತ ಏನು ಗ್ಯಾರಂಟಿ? ಚೀಟಿ ಬೇರೆಯವನ ಕೈ ಸೇರಿರಬಹುದು. ನಿನ್ನನ್ನ ಬಲ್ಲ ಓಟುದಾರರು ಯಾರಾದ್ರೂ ಗುರುತು ಹೇಳಬೇಕು. ನಿಮ್ಮೂರೋರು ಇದ್ದಾರಾ ಇಲ್ಲಿ?"

ಇದ್ದರು. ಒಬ್ಬರೇ ಒಬ್ಬರು. ಆಗತಾನೆ ಓಟು ಹಾಕಿ ಮೀಸೆ ತೀಡುತ್ತಾ ನಿಂತಿದ್ದ ಪಟೇಲ್ ದೊಡ್ಡಮುನಿಯಪ್ಪನವರು.

"ಪಟೇಲರೇ, ಈತ ನಿಮಗೆ ಗೊತ್ತಾ?"

ಪಟೇಲರು ಕದಿರಪ್ಪನನ್ನು ರುಮಾಲಿನಿಂದ ಪಾದದವರೆಗೂ ಅಳೆದರು. ನಿಧಾನವಾಗಿ ಬಾಯಿ ತೆರೆದರು.

"ನೋಡೋಣ," ಅಂದರು.

ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದರು. "ಈಗ ಹೇಳೋ. ಬಲಗಡೆ ಮುಂದಿನ ಹೆಗಲು ಯಾರದು?"

ಕದಿರಪ್ಪನ ಕೈ ತಾನಾಗಿ ಹೆಗಲಿಗೆ ಹೋಯಿತು. ಕಾಯಿ ಕಟ್ಟಿದ ಜಾಗ ಕೋಟಿನ ಕೆಳಗೆ ಇನ್ನೂ ಗಟ್ಟಿಯಾಗಿತ್ತು. ಅದು ತನ್ನದೇ. ಮುನೇಶ್ವರನಿಗೆ ಗೊತ್ತು, ಊರಿಗೆ ಗೊತ್ತು, ಪಟೇಲರಿಗೂ ಗೊತ್ತು. ಅವನು ಅಂಗಳದ ಕಡೆ ನೋಡಿದ. ಬಿಸಿಲಲ್ಲಿ ಜನ ನಿಂತಿದ್ದರು.

"ನಿಮ್ಮದೇ ಪಟೇಲರೇ," ಅಂದ. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಅಂದ. "ಬಲಗಡೆ ಮುಂದಿನ ಹೆಗಲು ನಿಮ್ಮದು. ನಮ್ಮಪ್ಪನ ಹೆಸರು ಪೂರ್ತಿ ಕೇಳ್ಸಿಲ್ಲ ಪಟೇಲರೇ. ಅರ್ಧಕ್ಕೇ ನುಂಗ್ಬಿಟ್ರು. ಒಂದ್ಸಲ ಪೂರ್ತಿ ಕೂಗಿಸ್ಕೊಡಿ, ಸಾಕು."

ಪಟೇಲರು ಗೆದ್ದಿದ್ದರು. ಗೆದ್ದವರ ಮುಖ ಹಾಗಿರಬಾರದಿತ್ತು. ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. ತಮ್ಮ ಮನೆಯ ಅಂಗಳದಲ್ಲಿ ವರ್ಷಾನುಗಟ್ಟಲೆ ನಿಂತಿದ್ದ ಮುದುಕನೊಬ್ಬ ಅವರಿಗೂ ಜ್ಞಾಪಕಕ್ಕೆ ಬಂದಿರಬೇಕು. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಪಂಚಾಯ್ತಿಯಲ್ಲಿ ಮಾತಾಡೋ ಧ್ವನಿಯಲ್ಲಿ ಹೇಳಿದರು.

"ಈತ ಕದಿರಪ್ಪ. ನಮ್ಮೂರಿನ ಮುನಿರಾಮಪ್ಪನವರ ಮಗ. ಆ ತೋಪು ಹಾಕಿದ ಮುನಿರಾಮಪ್ಪನವರು. ನಂಗೆ ಚೆನ್ನಾಗಿ ಗೊತ್ತು. ಹೆಸರು ಸರಿಯಾಗಿ ಕೂಗಿ ಸ್ವಾಮಿ."

ಅಧಿಕಾರಿ ಕನ್ನಡಕ ಒರೆಸಿಕೊಂಡು, ಈ ಸಲ ಬಾಯಿ ಖಾಲಿ ಇದ್ದದ್ದರಿಂದ, ಅಂಗಳದ ಆಚೆ ತುದಿಗೂ ಕೇಳುವ ಹಾಗೆ ಕೂಗಿದರು.

"ಕದಿರಪ್ಪ ಬಿನ್ ಮುನಿರಾಮಪ್ಪನವರು! ಮಾಮಿಡ್ಲಪಲ್ಲಿ! ಮುಳಬಾಗಿಲು ತಾಲ್ಲೂಕು!"

ಬೇವಿನಮರದ ಕೆಳಗೆ ಗಫೂರ್ ಸಾಬರು ಎದ್ದುನಿಂತರು. ಕದಿರಪ್ಪ ರುಮಾಲು ಮುಟ್ಟಿ ನೋಡಿಕೊಂಡ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಂದಿದ್ದೀವಿ ಸ್ವಾಮಿ," ಅಂದ. "ಇಬ್ಬರೂ ಬಂದಿದ್ದೀವಿ."

ಅಂದು, ಜೇಬಿನೊಳಗಿನ ಜೇಬಿನ ಗುಂಡಿ ಬಿಚ್ಚಿದ.